ಗುನ್ನೆ ನಂಬರಿನಿಂದ ತೀರ್ಪಿನ ನಕಲಿನವರೆಗೆ

ನಾನು ಕೊಪ್ಪಳದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ಹುಡುಕಿಕೊಂಡು ಬರುವುದು ಒಂದು ಕಾಗದವನ್ನು. ಮಗ ಖುಲಾಸೆಯಾದ ತೀರ್ಪು ನೌಕರಿಗೆ ಬೇಕೆಂದು ಒಬ್ಬರು ಕೇಳುತ್ತಾರೆ. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಪರಿಹಾರದ ಅರ್ಜಿಯ ಜೊತೆ ಲಗತ್ತಿಸಲು ಎಫ್‌ಐಆರ್, ಸ್ಥಳ ಪಂಚನಾಮೆ ಮತ್ತು ಚಾರ್ಜ್‌ಶೀಟ್ (ಆರೋಪಪಟ್ಟಿ) ಬೇಕಾಗಿರುತ್ತದೆ. ಹೊಲದ ಬದುವಿನ ಜಗಳದಲ್ಲಿ ಪೆಟ್ಟು ತಿಂದವರು ತಮ್ಮ ಕೇಸು ಈಗ ಎಲ್ಲಿದೆ ಎಂದು ತಿಳಿಯದೆ ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೆ ವಿಚಾರಿಸಲು ಬರುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೇ ಪಡೆಯಬಹುದಾದ ದಾಖಲೆಗಾಗಿ ಯಾರ ಯಾರದೋ ಕೈಗೆ ಹಣ ಕೊಟ್ಟು ಬಂದಿರುತ್ತಾರೆ ಎಂಬುದು ನನಗೆ ಬಹಳ ಬೇಸರದ ಸಂಗತಿ. ಆದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಕ್ರಿಮಿನಲ್ ಪ್ರಕರಣದ ದಾಖಲೆಯನ್ನು ಹುಡುಕುವ ಮತ್ತು ಪಡೆಯುವ ರೀತಿಯನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಒಂದು ಪ್ರಕರಣದ ದಾಖಲೆ ಒಂದೇ ಕಡೆ, ಒಂದೇ ಸಂಖ್ಯೆಯಲ್ಲಿ ಕೊನೆಯವರೆಗೆ ಇರುವುದಿಲ್ಲ ಎಂಬುದು. ಠಾಣೆಯಲ್ಲಿ ಅದಕ್ಕೆ ಗುನ್ನೆ ನಂಬರು, ಅಂದರೆ ಎಫ್‌ಐಆರ್ ಸಂಖ್ಯೆ, ಬೀಳುತ್ತದೆ. ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ (ಜೆಎಂಎಫ್‌ಸಿ) ನ್ಯಾಯಾಲಯವು ಪ್ರಕರಣವನ್ನು ನೋಂದಾಯಿಸಿಕೊಂಡಾಗ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರು ಬರುತ್ತದೆ. ಕೊಲೆ, ಕೊಲೆ ಯತ್ನದಂಥ ಸೆಷನ್ಸ್ ನ್ಯಾಯಾಲಯವೇ ವಿಚಾರಿಸಬೇಕಾದ ಅಪರಾಧವಾದರೆ ಕಡತವು ಅಲ್ಲಿಗೆ ಹೋಗಿ ಎಸ್.ಸಿ. (ಸೆಷನ್ಸ್ ಕೇಸ್) ನಂಬರು ಪಡೆಯುತ್ತದೆ, ವಿಶೇಷ ಕಾಯ್ದೆಯ ಪ್ರಕರಣಗಳಿಗೆ ಸ್ಪೆಷಲ್ ಕೇಸ್ ಎಂಬ ಬೇರೆ ಸಾಲಿದೆ. ಮೇಲ್ಮನವಿ ಹೋದರೆ ಮತ್ತೊಂದು ಸಂಖ್ಯೆ. ಹುಡುಕುವವರು ದಾರಿ ತಪ್ಪುವುದು ಹೆಚ್ಚಾಗಿ ಈ ಸಂಖ್ಯೆಗಳು ಬದಲಾಗುವ ಜಾಗದಲ್ಲಿಯೇ.

ಗುನ್ನೆ ನಂಬರು, ವರ್ಷ ಮತ್ತು ಠಾಣೆಯ ಹೆಸರು ಈ ಮೂರು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಫಿರ್ಯಾದಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಕ್ರಿಮಿನಲ್ ಪ್ರಕರಣಗಳ ಕಾರ್ಯವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಈ ಸಂಹಿತೆಯಲ್ಲಿ ಸಂತ್ರಸ್ತರಿಗೂ ಅದೇ ಹಕ್ಕು ಇದೆ, ಮತ್ತು ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಅವರಿಗೆ ತಿಳಿಸುವ ಹೊಣೆಯೂ ಪೊಲೀಸರ ಮೇಲಿದೆ. ಪ್ರತಿ ಕಳೆದುಹೋಗಿದ್ದರೆ ಕರ್ನಾಟಕ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಸಂಖ್ಯೆ, ವರ್ಷ ಕೊಟ್ಟು ನೋಡಬಹುದು. ದಾಖಲಾದ 24 ಗಂಟೆಯೊಳಗೆ ಎಫ್‌ಐಆರ್ ಅನ್ನು ಜಾಲತಾಣಕ್ಕೆ ಏರಿಸಬೇಕು, ಸಂಪರ್ಕ ಕಷ್ಟವಿರುವ ಕಡೆ ಹೆಚ್ಚೆಂದರೆ 72 ಗಂಟೆ ಎಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಆದೇಶಿಸಿದ್ದೇ ಇದಕ್ಕೆ ಆಧಾರ. ಲೈಂಗಿಕ ಅಪರಾಧಗಳು, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣಗಳು ಮತ್ತು ಭಯೋತ್ಪಾದನೆಗೆ ಸಂಬಂಧಿಸಿದವುಗಳನ್ನು ಆ ಆದೇಶವೇ ಹೊರಗಿಟ್ಟಿದೆ. ಆದ್ದರಿಂದ ಅಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಕೇಸೇ ಆಗಿಲ್ಲ ಎಂದು ತೀರ್ಮಾನಿಸಬಾರದು. ಅದೇ ಆದೇಶದ ಪ್ರಕಾರ ಆರೋಪಿಯು ತನ್ನ ಮೇಲಿನ ಎಫ್‌ಐಆರ್‌ನ ದೃಢೀಕೃತ ನಕಲನ್ನು ಠಾಣೆಗೆ ಅಥವಾ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅರ್ಜಿ ಕೊಟ್ಟು 24 ಗಂಟೆಯೊಳಗೆ, ನ್ಯಾಯಾಲಯಕ್ಕೆ ಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಪಡೆಯಬಹುದು.

ಮುಂದಿನ ಹಂತ ನ್ಯಾಯಾಲಯಗಳ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಎಂದು ಒಂದೊಂದಾಗಿ ಆರಿಸಿಕೊಂಡ ಮೇಲೆ ಅಲ್ಲಿ ಹಲವು ಬಗೆಯಲ್ಲಿ ಹುಡುಕುವ ಅವಕಾಶವಿದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಿಕೆಯದು ಎಫ್‌ಐಆರ್ ಸಂಖ್ಯೆಯ ಹುಡುಕಾಟ, ಏಕೆಂದರೆ ಅಂಕಿಗೆ ಕಾಗುಣಿತದ ತೊಂದರೆ ಇಲ್ಲ. ಹೆಸರಿನಿಂದ ಹುಡುಕುವುದು ನಮ್ಮ ಭಾಗದಲ್ಲಿ ಬಹಳ ಕಷ್ಟದ ಕೆಲಸ. ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಾಗಿರುತ್ತವೆ. ಬಸವರಾಜ ಎಂಬ ಒಂದೇ ಹೆಸರನ್ನು ಬಳ್ಳಾರಿ ಕಡೆಯ ಗುಮಾಸ್ತರು 'ವಿ' ಹಾಕಿ ಬರೆದರೆ ರಾಯಚೂರು ಕಡೆಯವರು 'ಡಬ್ಲ್ಯೂ' ಹಾಕಿರಬಹುದು. ವೆಂಕಪ್ಪ ಎಂಬವರು ಠಾಣೆಯ ಕಾಗದದಲ್ಲಿ ಯಂಕಪ್ಪ ಆಗಿರುತ್ತಾರೆ. ಹುಸೇನಸಾಬ ಒಂದೇ ಪದವಾಗಿಯೂ ಎರಡು ಪದವಾಗಿಯೂ ಇರಬಹುದು. ಗೌಡ ಎಂಬುದಕ್ಕೆ ಎರಡು ಮೂರು ರೂಪಗಳಿವೆ. ಜಾಲತಾಣ ಕೇಳುವುದು ಕನಿಷ್ಠ ಮೂರು ಅಕ್ಷರಗಳನ್ನು ಮಾತ್ರ. ಆದ್ದರಿಂದ ಪೂರ್ತಿ ಹೆಸರು ತುಂಬುವ ಬದಲು ಎಲ್ಲರೂ ಒಂದೇ ರೀತಿ ಬರೆಯುವ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ಕೊಟ್ಟು, ಬಂದ ಪಟ್ಟಿಯನ್ನು ತಾಳ್ಮೆಯಿಂದ ಓದುವುದು ಉತ್ತಮ. ವರ್ಷವನ್ನು ಕಡ್ಡಾಯವಾಗಿ ಕೊಡಬೇಕಾಗುತ್ತದೆ; ಅದು ನ್ಯಾಯಾಲಯದಲ್ಲಿ ನೋಂದಣಿಯಾದ ವರ್ಷವೇ ಹೊರತು ಜಗಳ ನಡೆದ ವರ್ಷವಲ್ಲ. ಡಿಸೆಂಬರಿನಲ್ಲಿ ಗುನ್ನೆ ದಾಖಲಾಗಿ ಚಾರ್ಜ್‌ಶೀಟ್ ಮರುವರ್ಷ ಸಲ್ಲಿಕೆಯಾಗುವುದು ಸಾಮಾನ್ಯ, ಹಾಗಾಗಿ ಮುಂದಿನ ಒಂದೆರಡು ವರ್ಷಗಳನ್ನೂ ನೋಡಬೇಕು. ಬಾಕಿ ಇರುವವು, ವಿಲೇವಾರಿಯಾದವು ಎಂಬ ಎರಡು ಆಯ್ಕೆಗಳಲ್ಲಿ ಒಂದನ್ನಷ್ಟೇ ನೋಡಿ ಪುಟ ಮುಚ್ಚುವವರೂ ಇದ್ದಾರೆ, ಎರಡನ್ನೂ ನೋಡಬೇಕು.

ಹೆಸರಿನ ವಿಷಯದಲ್ಲಿಯೇ ಇನ್ನೊಂದು ಮಾತು. ಪೊಲೀಸ್ ಪ್ರಕರಣದಲ್ಲಿ ಫಿರ್ಯಾದಿಯ ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಅಲ್ಲಿ ಒಂದು ಪಕ್ಷ ಕರ್ನಾಟಕ ಸರ್ಕಾರ, ಅದರ ಪರವಾಗಿ ಇಂಥ ಠಾಣೆ ಎಂದಿರುತ್ತದೆ. ಮತ್ತೊಂದು ಪಕ್ಷ ಆರೋಪಿ. ಪೆಟ್ಟು ತಿಂದವರು ಆರೋಪಿಯ ಹೆಸರಿನಿಂದಲೇ ತಮ್ಮ ಕೇಸನ್ನು ಹುಡುಕಬೇಕಾಗುತ್ತದೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಮತ್ತು ನೇರವಾಗಿ ನ್ಯಾಯಾಲಯಕ್ಕೆ ಸಲ್ಲಿಸಿದ ಖಾಸಗಿ ದೂರುಗಳಲ್ಲಿ ಮಾತ್ರ ದೂರುದಾರರ ಹೆಸರು ಕಾಣುತ್ತದೆ.

ಹೀಗೆ ಒಮ್ಮೆ ಪ್ರಕರಣ ಸಿಕ್ಕಿತೆಂದರೆ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಸಿಎನ್‌ಆರ್ ಸಂಖ್ಯೆಯನ್ನು, ಅಂದರೆ ಆ ಪ್ರಕರಣಕ್ಕೆಂದೇ ಇರುವ ಗುರುತಿನ ಸಂಖ್ಯೆಯನ್ನು. ಅಕ್ಷರ ಮತ್ತು ಅಂಕಿ ಸೇರಿ ಒಟ್ಟು 16 ಇರುವ ಈ ಸಂಖ್ಯೆಯಲ್ಲಿ ಮೊದಲು ರಾಜ್ಯ, ಜಿಲ್ಲೆ ಮತ್ತು ನ್ಯಾಯಾಲಯದ ಗುರುತು, ನಡುವೆ ಕ್ರಮಸಂಖ್ಯೆ, ಕೊನೆಯ ನಾಲ್ಕು ಅಂಕಿಗಳಲ್ಲಿ ವರ್ಷ ಇರುತ್ತದೆ. ಇದೊಂದಿದ್ದರೆ ಜಾಲತಾಣದಲ್ಲಿ, ಮೊಬೈಲ್ ಆ್ಯಪ್‌ನಲ್ಲಿ, ನ್ಯಾಯಾಲಯದ ಇ-ಸೇವಾ ಕೇಂದ್ರದಲ್ಲಿ ಬೇರೇನೂ ಕೊಡದೆ ಪ್ರಕರಣವನ್ನು ತೆರೆಯಬಹುದು.

ಕೇಸು ಸಿಕ್ಕಿದ ಮೇಲೆ ಅದನ್ನು ಓದುವುದೇ ದೊಡ್ಡ ಕೆಲಸ, ಮತ್ತು ಇಲ್ಲಿಯೇ ಹೆಚ್ಚು ಅನ್ಯಾಯವಾಗುವುದನ್ನು ನಾನು ನೋಡುತ್ತಿದ್ದೇನೆ. ಜೆಎಂಎಫ್‌ಸಿ ನ್ಯಾಯಾಲಯದ ಪುಟದಲ್ಲಿ ವಿಲೇವಾರಿ ಎಂದು ಕಂಡ ಕೂಡಲೇ ಕೇಸು ಮುಗಿಯಿತೆಂದು ಮನೆಗೆ ಹೋದವರಿದ್ದಾರೆ. ಕೆಳಗೆ ನೋಡಿದರೆ ಅದು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲ್ಪಟ್ಟಿದ್ದು, ಎಸ್.ಸಿ. ನಂಬರಿನಲ್ಲಿ ಇನ್ನೂ ನಡೆಯುತ್ತಿರುತ್ತದೆ. ವಿಲೇವಾರಿಯ ಬಗೆ ಯಾವುದೆಂದು ಓದಲೇಬೇಕು. ಶಿಕ್ಷೆಯೇ, ಖುಲಾಸೆಯೇ, ರಾಜಿಯೇ, ಆರೋಪಿ ತೀರಿಹೋದದ್ದರಿಂದ ಮುಕ್ತಾಯವೇ, ಉಚ್ಚ ನ್ಯಾಯಾಲಯ ರದ್ದುಪಡಿಸಿದ್ದೇ ಎಂಬುದು ಆ ಒಂದು ಸಾಲಿನಲ್ಲಿ ಇರುತ್ತದೆ. ಇನ್ನು ಕೆಲವು ಗುನ್ನೆಗಳು ಚಾರ್ಜ್‌ಶೀಟ್ ಹಂತಕ್ಕೇ ಬಂದಿರುವುದಿಲ್ಲ: ಆರೋಪ ಸುಳ್ಳೆಂದೋ ಸಾಕ್ಷ್ಯ ಸಾಲದೆಂದೋ ಪೊಲೀಸರು ಬಿ ರಿಪೋರ್ಟ್ ಸಲ್ಲಿಸಿರುತ್ತಾರೆ, ಅಥವಾ ಕಳ್ಳ ಪತ್ತೆಯಾಗಲಿಲ್ಲವೆಂದು ಸಿ ರಿಪೋರ್ಟ್ ಹಾಕಿರುತ್ತಾರೆ.

ನಮ್ಮ ಮೂರು ಜಿಲ್ಲೆಗಳಿಗೆ ಹೆಚ್ಚು ಸಂಬಂಧಪಟ್ಟ ಇನ್ನೊಂದು ಸಂಗತಿ ಸ್ಪ್ಲಿಟ್ ಅಪ್ ಕೇಸು. ಐದಾರು ಮಂದಿಯ ಮೇಲೆ ಕೇಸಿದ್ದು ಅದರಲ್ಲಿ ಒಬ್ಬಿಬ್ಬರು ಬೆಂಗಳೂರಿಗೋ ಗೋವಾಕ್ಕೋ ಪುಣೆಗೋ ಗುಳೆ ಹೋಗಿ ವಾಯಿದೆಗೆ ಹಾಜರಾಗದಿದ್ದರೆ, ಹಾಜರಿದ್ದವರ ವಿಚಾರಣೆ ನಿಲ್ಲಬಾರದೆಂದು ನ್ಯಾಯಾಲಯವು ಗೈರುಹಾಜರಾದವರ ಪ್ರಕರಣವನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡುತ್ತದೆ. ಬಹುಕಾಲ ಸಿಗದಿದ್ದರೆ ಅದು ದೀರ್ಘಕಾಲ ಬಾಕಿ ಇರುವ ಪ್ರಕರಣಗಳ ಎಲ್‌ಪಿಸಿ ರಿಜಿಸ್ಟರಿಗೆ ಹೋಗುತ್ತದೆ. ಊರಿನಲ್ಲಿದ್ದವರೆಲ್ಲ ಖುಲಾಸೆಯಾದ ಸುದ್ದಿ ಕೇಳಿ ತನ್ನ ಕೇಸೂ ಮುಗಿಯಿತೆಂದುಕೊಂಡ ಕೂಲಿಕಾರನ ಮೇಲೆ ವಾರಂಟ್ ಹಾಗೆಯೇ ಉಳಿದಿರುತ್ತದೆ. ಇಂಥವರು ಮೂಲ ಸಂಖ್ಯೆಯನ್ನು ನೋಡಿದರೆ ಸಾಲದು. ಅದೇ ಗುನ್ನೆ ನಂಬರಿನಿಂದ ಹುಡುಕಿದಾಗ ಬರುವ ಎಲ್ಲ ಸಾಲುಗಳನ್ನೂ ತೆರೆದು ತಮ್ಮ ಹೆಸರು ಯಾವುದರಲ್ಲಿದೆ ಎಂದು ನೋಡಬೇಕು.

ಯಾವ ಊರಿನ ನ್ಯಾಯಾಲಯದಲ್ಲಿ ಹುಡುಕಬೇಕೆಂಬ ಪ್ರಶ್ನೆಗೆ ಠಾಣೆಯ ವ್ಯಾಪ್ತಿಯೇ ಸಾಮಾನ್ಯ ಉತ್ತರ. ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಸಿರುಗುಪ್ಪ, ಸಂಡೂರುಗಳಲ್ಲಿ ತಾಲ್ಲೂಕು ಮಟ್ಟದ ನ್ಯಾಯಾಲಯಗಳಿವೆ. ಮಸ್ಕಿ, ಕಾರಟಗಿ, ಕನಕಗಿರಿ, ಕುಕನೂರಿನಂಥ ಹೊಸ ತಾಲ್ಲೂಕುಗಳವರು ಹಳೆಯ ತಾಲ್ಲೂಕಿನ ಹೆಸರಿನಲ್ಲಿಯೂ ನೋಡಬೇಕು. ಆದರೆ ವಿಶೇಷ ಕಾಯ್ದೆ ಬಂದಾಗ ಈ ಲೆಕ್ಕ ಬದಲಾಗುತ್ತದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣವು ಕೊಪ್ಪಳದ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಣೆಯಾಗಿ, 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಅದರ ಮೇಲ್ಮನವಿಯ ಜಾಗ ಉಚ್ಚ ನ್ಯಾಯಾಲಯದ ಧಾರವಾಡ ಪೀಠ. ಒಂದೇ ಊರಿನ ಒಂದೇ ಘಟನೆಯ ಕಾಗದಗಳು ಗಂಗಾವತಿ, ಕೊಪ್ಪಳ, ಧಾರವಾಡ ಈ ಮೂರು ಕಡೆ ಹಂಚಿಹೋಗುವ ಬಗೆ ಇದು. ಬಳ್ಳಾರಿಯ ಜನ ಬಹಳ ಮಾತಾಡಿಕೊಂಡ ಓಬಳಾಪುರಂ ಗಣಿ ಪ್ರಕರಣವನ್ನು ಬಳ್ಳಾರಿ ನ್ಯಾಯಾಲಯದ ಪಟ್ಟಿಯಲ್ಲಿ ಹುಡುಕಿದರೆ ಸಿಗದು. ಅದರ ತೀರ್ಪು 2025ರ ಮೇ 6ರಂದು ಬಂದದ್ದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯದಲ್ಲಿ. ಶಾಸಕರು, ಸಂಸದರ ಮೇಲಿನ ಪ್ರಕರಣಗಳಿಗಾಗಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದೆ.

ಉಚ್ಚ ನ್ಯಾಯಾಲಯದ ಮಟ್ಟದಲ್ಲಿ ಬಳ್ಳಾರಿ ಮತ್ತು ಕೊಪ್ಪಳಕ್ಕೆ ಧಾರವಾಡ ಪೀಠ, ರಾಯಚೂರಿಗೆ ಕಲಬುರಗಿ ಪೀಠ. ಮೇಲ್ಮನವಿ ನಡೆಯುವಾಗ ಕೆಳ ನ್ಯಾಯಾಲಯದ ಮೂಲ ಕಡತವನ್ನು ಪೀಠವು ತರಿಸಿಕೊಂಡಿದ್ದರೆ ಇಲ್ಲಿನ ನಕಲು ವಿಭಾಗದಲ್ಲಿ ಕೊಡಲು ಏನೂ ಇರುವುದಿಲ್ಲ. ಅರ್ಜಿ ಹಾಕುವ ಮೊದಲೇ ಇದನ್ನು ವಿಚಾರಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಈಗ ನಕಲು ಪಡೆಯುವ ಮಾತಿಗೆ ಬರುತ್ತೇನೆ. ಜಾಲತಾಣದಲ್ಲಿ ಸಿಗುವ ತೀರ್ಪಿನ ಪಿಡಿಎಫ್ ಓದಲಿಕ್ಕೆ ಸಾಕು. ಕಚೇರಿಗೆ, ಮೇಲಿನ ನ್ಯಾಯಾಲಯಕ್ಕೆ, ವಿಮಾ ಕಂಪನಿಗೆ ಸಲ್ಲಿಸಲು ದೃಢೀಕೃತ ನಕಲೇ ಬೇಕು. ಯಾರಿಗೆ ಏನು ಸಿಗುತ್ತದೆ ಎಂಬುದು ಅವರು ಪ್ರಕರಣದಲ್ಲಿ ಯಾರು ಎಂಬುದರ ಮೇಲೆ ನಿಂತಿದೆ. ಆರೋಪಿಗೆ, ಹಾಗೂ ವಕೀಲರನ್ನು ಇಟ್ಟುಕೊಂಡಿರುವ ಸಂತ್ರಸ್ತರಿಗೆ, ಎಫ್‌ಐಆರ್, ಸಾಕ್ಷಿಗಳ ಹೇಳಿಕೆ ಮೊದಲಾದವುಗಳ ಸಹಿತ ಚಾರ್ಜ್‌ಶೀಟಿನ ಪ್ರತಿಯನ್ನು ಆರೋಪಿ ಹಾಜರಾದ 14 ದಿನಗಳೊಳಗೆ ಉಚಿತವಾಗಿ ಒದಗಿಸಬೇಕೆಂದು ಸಂಹಿತೆಯ 230ನೆಯ ಕಲಂ ಹೇಳುತ್ತದೆ. ಜೈಲು ಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕೆಂಬುದು 404ನೆಯ ಕಲಮಿನಲ್ಲಿದೆ. ತೀರ್ಪಿನಿಂದ ಬಾಧಿತರಾದ ಯಾರೇ ಆದರೂ ಶುಲ್ಕ ಕೊಟ್ಟು ತೀರ್ಪು, ಸಾಕ್ಷಿಯ ಹೇಳಿಕೆ ಅಥವಾ ಕಡತದ ಬೇರೆ ಭಾಗದ ನಕಲು ಕೇಳಬಹುದೆಂಬುದೂ ಅಲ್ಲಿಯೇ ಇದೆ. ಪ್ರಕರಣಕ್ಕೆ ಹೊರಗಿನವರು, ಅಂದರೆ ಪತ್ರಕರ್ತರು, ಸಂಶೋಧಕರು, ಜಮೀನು ಕೊಳ್ಳುವವರು ಇತ್ಯಾದಿ, ನಕಲು ಏಕೆ ಬೇಕೆಂದು ಪ್ರಮಾಣಪತ್ರದೊಂದಿಗೆ ವಿವರಿಸಿ ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸಿಗುತ್ತದಲ್ಲ ಎಂದು ಕೇಳುವವರು ಬಹಳ. ನ್ಯಾಯಾಂಗ ಕಡತದ ನಕಲನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕು, ಮಾಹಿತಿ ಹಕ್ಕಿನ ಮೂಲಕ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೀರ್ಮಾನಿಸಿದೆ. ಚಾರ್ಜ್‌ಶೀಟುಗಳನ್ನು ಎಲ್ಲರೂ ನೋಡುವಂತೆ ಜಾಲತಾಣದಲ್ಲಿ ಹಾಕಬೇಕೆಂಬ ಬೇಡಿಕೆಯನ್ನೂ ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ಒಪ್ಪಲಿಲ್ಲ.

ನಕಲು ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ವರ್ಷ, ಪಕ್ಷಕಾರರ ಹೆಸರು, ವಿಲೇವಾರಿಯಾಗಿದ್ದರೆ ಅದರ ದಿನಾಂಕ, ಬೇಕಾದ ದಾಖಲೆ ಇಷ್ಟನ್ನು ಸ್ಪಷ್ಟವಾಗಿ ಬರೆಯಬೇಕು. 'ಎಲ್ಲ ಕಾಗದ' ಎಂದು ಬರೆದ ಅರ್ಜಿ ತಡವಾಗುತ್ತದೆ; ತೀರ್ಪು, ಆರ್ಡರ್ ಶೀಟ್, ಇಂಥ ಸಾಕ್ಷಿಯ ಹೇಳಿಕೆ, ಇಂಥ ಗುರುತು ಸಂಖ್ಯೆಯ ಪಂಚನಾಮೆ ಎಂದು ಒಂದೊಂದಾಗಿ ಬರೆಯಬೇಕು. ಅಪಘಾತದ ಪರಿಹಾರಕ್ಕಾಗಿ ಬರುವವರು ಮೋಟಾರು ವಾಹನ ನಿರೀಕ್ಷಕರ ವರದಿಯನ್ನು ಕೇಳಲು ಮರೆತು ಎರಡನೆಯ ಸಲ ಬರುವುದು ತೀರ ಸಾಮಾನ್ಯ. ಅರ್ಜಿಗೆ ಕೋರ್ಟ್ ಫೀ ಸ್ಟಾಂಪು ಹಚ್ಚಿ ಸಲ್ಲಿಸಿದ ಮೇಲೆ ನಕಲು ಅರ್ಜಿಯ ಸಂಖ್ಯೆ ಸಿಗುತ್ತದೆ. ಪುಟಗಳ ಲೆಕ್ಕ ಹಾಕಿ ಶುಲ್ಕ ಎಷ್ಟೆಂದು ನಕಲು ವಿಭಾಗದವರು ತಿಳಿಸುತ್ತಾರೆ, ಅದನ್ನು ಕಟ್ಟಿದ ಮೇಲೆ ನಕಲು ಸಿದ್ಧವಾಗುತ್ತದೆ. ಕೈಗೆ ಬಂದ ನಕಲಿನ ಮೇಲೆ ಅರ್ಜಿ ಸಲ್ಲಿಸಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಮುಂತಾದ ದಿನಾಂಕಗಳ ಮುದ್ರೆ ಇದೆಯೇ, ಪ್ರತಿ ಹಾಳೆಗೂ ಮೊಹರು ಬಿದ್ದಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಈ ದಿನಾಂಕಗಳಿಗೆ ಬಹಳ ಬೆಲೆಯಿದೆ. ಜೆಎಂಎಫ್‌ಸಿ ಕೊಟ್ಟ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಸೆಷನ್ಸ್ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಸಾಮಾನ್ಯವಾಗಿ 60 ದಿನ ಗಡುವಿದ್ದು, ನಕಲು ಪಡೆಯಲು ತಗುಲಿದ ಕಾಲವನ್ನು 1963ರ ಕಾಲಮಿತಿ ಕಾಯ್ದೆಯ 12ನೆಯ ಕಲಮಿನಂತೆ ಆ ಲೆಕ್ಕದಿಂದ ಬಿಡಲಾಗುತ್ತದೆ. ಅರ್ಜಿಯನ್ನೇ ತಡವಾಗಿ ಕೊಟ್ಟರೆ ಆ ಕಳೆದುಹೋದ ದಿನಗಳು ಮಾತ್ರ ಮರಳುವುದಿಲ್ಲ. ಆದ್ದರಿಂದ ತೀರ್ಪು ಓದಿದ ದಿನವೇ ಅರ್ಜಿ ಕೊಡುವುದು ಒಳ್ಳೆಯದು.

ಕೆಲವು ದಾಖಲೆಗಳು ಹೊರಗಿನವರಿಗೆ ಸಿಗುವುದಿಲ್ಲ, ಸಿಗಲೂಬಾರದು. ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳಲ್ಲಿ ಸಂತ್ರಸ್ತರ ಗುರುತು ತಿಳಿಯುವಂಥ ಯಾವುದನ್ನೂ ಪ್ರಕಟಿಸುವುದು ಅಪರಾಧ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಕ್ಕಳ ಹೆಸರಿಗೂ ಬಾಲನ್ಯಾಯ ಕಾಯ್ದೆಯ ರಕ್ಷಣೆಯಿದೆ. ತೀರ್ಪಿನ ನಕಲು ಕಾನೂನುಬದ್ಧವಾಗಿ ಕೈಗೆ ಬಂದಿದ್ದರೂ ಅದರ ಚಿತ್ರ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಈ ಅಪರಾಧವನ್ನೇ ಮಾಡುತ್ತಿರಬಹುದು. ಅದೇ ರೀತಿ, ಹೆಣ್ಣು ಕೊಡುವ ಮೊದಲು ಹುಡುಗನ ಹೆಸರನ್ನು ಇ-ಕೋರ್ಟ್ಸ್‌ನಲ್ಲಿ ಹುಡುಕಿ ನೋಡುವ ಪದ್ಧತಿ ಈಗ ನಮ್ಮ ಕಡೆಯೂ ಬಂದಿದೆ. ನೋಡುವುದು ತಪ್ಪಲ್ಲ, ಆದರೆ ಒಂದೇ ಹೆಸರಿನ ಹತ್ತು ಮಂದಿ ಇರುವ ತಾಲ್ಲೂಕಿನಲ್ಲಿ ತಂದೆಯ ಹೆಸರು, ಊರು, ವಯಸ್ಸು ಹೊಂದುತ್ತವೆಯೇ ಎಂದು ಕಡತದಿಂದ ಖಚಿತಪಡಿಸಿಕೊಳ್ಳದೆ, ಕೇಸು ಹೇಗೆ ಮುಗಿಯಿತೆಂದು ಓದದೆ ಒಬ್ಬನನ್ನು ಅಪರಾಧಿ ಎನ್ನುವುದು ಘೋರ ಅನ್ಯಾಯ. ಎಫ್‌ಐಆರ್‌ನಲ್ಲಿ ಹೆಸರಿದ್ದವರೆಲ್ಲ ಆರೋಪಪಟ್ಟಿಗೆ ಬರುವುದಿಲ್ಲ, ಆರೋಪಪಟ್ಟಿಯಲ್ಲಿದ್ದವರೆಲ್ಲ ಶಿಕ್ಷೆಗೆ ಗುರಿಯಾಗುವುದಿಲ್ಲ.

ಖುಲಾಸೆಯಾದವರಲ್ಲಿ ನನ್ನ ವಿಶೇಷವಾದ ಬಿನ್ನಹವೊಂದಿದೆ. ಶಿಕ್ಷೆಯಾದವರು ಮೇಲ್ಮನವಿಗಾಗಿಯಾದರೂ ತೀರ್ಪಿನ ನಕಲು ಪಡೆಯುತ್ತಾರೆ. ಖುಲಾಸೆಯಾದವರು ದೇವರಿಗೆ ಕಾಯಿ ಒಡೆಸಿ ಮನೆಗೆ ಹೋಗುತ್ತಾರೆ, ನಕಲು ಕೇಳುವುದೇ ಇಲ್ಲ. ಹತ್ತು ವರ್ಷದ ನಂತರ ಪೊಲೀಸ್ ಪೇದೆಯ ನೇಮಕಾತಿಗೋ ಪಾಸ್‌ಪೋರ್ಟಿಗೋ ಗುತ್ತಿಗೆಯ ಪರವಾನಗಿಗೋ ಪರಿಶೀಲನೆ ನಡೆದಾಗ ಠಾಣೆಯ ಪುಸ್ತಕದಲ್ಲಿ ಗುನ್ನೆ ನಂಬರು ಕಾಣುತ್ತದೆ, ಅದು ಹೇಗೆ ಮುಗಿಯಿತೆಂದು ತೋರಿಸುವ ಹೊರೆ ಅರ್ಜಿದಾರರ ಮೇಲೆ ಬೀಳುತ್ತದೆ. ಆಗ ಹುಡುಕುವುದಕ್ಕಿಂತ, ತೀರ್ಪು ಬಂದ ತಿಂಗಳಲ್ಲಿಯೇ ಎರಡು ದೃಢೀಕೃತ ನಕಲು ತೆಗೆಸಿ, ಒಂದನ್ನು ಸ್ವೀಕೃತಿ ಪಡೆದು ಠಾಣೆಗೆ ಕೊಟ್ಟು, ಇನ್ನೊಂದನ್ನು ಮನೆಯ ಪಹಣಿ ಪತ್ರಗಳ ಜೊತೆ ಇಡುವುದು ಎಷ್ಟೋ ಸುಲಭ. ಸಂತ್ರಸ್ತರಿಗೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಆರೋಪಿಯ ಖುಲಾಸೆಯ ವಿರುದ್ಧ ತಾವೇ ಮೇಲ್ಮನವಿ ಸಲ್ಲಿಸುವ ಹಕ್ಕು ಅವರಿಗಿದೆ.

ಹಳೆಯ ಪ್ರಕರಣಗಳ ಕಥೆ ಬೇರೆ. ಗಣಕೀಕರಣಕ್ಕೆ ಮೊದಲು ವಿಲೇವಾರಿಯಾದ ಎಷ್ಟೋ ಪ್ರಕರಣಗಳು ಜಾಲತಾಣದಲ್ಲಿ ಇಲ್ಲ. ಅವುಗಳನ್ನು ರೆಕಾರ್ಡ್ ರೂಮಿನ ರಿಜಿಸ್ಟರುಗಳಲ್ಲಿಯೇ ಹುಡುಕಿಸಬೇಕು. ಇದಕ್ಕೆ ಜಿಲ್ಲೆಗಳ ಚರಿತ್ರೆ ತಿಳಿದಿರಬೇಕಾಗುತ್ತದೆ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಸೆಷನ್ಸ್ ಪ್ರಕರಣ ಹುಡುಕುವವರು ರಾಯಚೂರಿನಲ್ಲಿಯೂ ವಿಚಾರಿಸಬೇಕು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಅಲ್ಲಿನ ಪ್ರಕರಣಗಳನ್ನು ಬಳ್ಳಾರಿಯ ಹೆಸರಿನಲ್ಲಿಯೂ ನೋಡಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿರುವುದರಿಂದ ಅಲ್ಲಿಯವರು ಮೂರು ಜಿಲ್ಲೆಗಳನ್ನು ಗಮನದಲ್ಲಿಡಬೇಕಾಗುತ್ತದೆ. ಕಡತಗಳನ್ನು ನಿಯಮದಂತೆ ನಿರ್ದಿಷ್ಟ ಕಾಲದ ನಂತರ ನಾಶಪಡಿಸಲಾಗುತ್ತದೆ. ಹಾಗೆ ಆಗಿದ್ದರೆ ಬರಿಗೈಯಲ್ಲಿ ಹಿಂದಿರುಗದೆ, ದಾಖಲೆ ಲಭ್ಯವಿಲ್ಲವೆಂಬ ಹಿಂಬರಹವನ್ನಾದರೂ ಲಿಖಿತವಾಗಿ ಕೇಳಿ ಪಡೆಯಬೇಕು. ಪರಿಶೀಲನೆಯ ಕಾಲಕ್ಕೆ ಅದೂ ಒಂದು ಆಧಾರ.

ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ದೂರದ ಹಳ್ಳಿಯವರು ಮೊದಲು 15100 ಸಹಾಯವಾಣಿಗೆ ಕರೆ ಮಾಡಿ, ಯಾವ ಕಾಗದ ತರಬೇಕೆಂದು ಕೇಳಿಕೊಂಡು ಬಂದರೆ ಒಂದು ದಿನದ ಕೂಲಿ ಉಳಿಯುತ್ತದೆ.